ನೆರಳಲ್ಲಿಟ್ಟು ನೀರು ಹಾಕಬೇಕಿತ್ತು

ಗೋಂದಣ್ಣನಿಗೆ ಹೆದರಿಕೆ ಹುಟ್ಟಿನಿಂದಲೇ ಬಂದದ್ದೋ ಆಮೇಲೆ ಅಂಟಿಕೊಂಡದ್ದೋ ಯಾರಿಗೂ ಗೊತ್ತಿಲ್ಲ. ಪುಸ್ತಕದ ಬೈಂಡಿಂಗ್ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗೋಂದು ಮೆತ್ತುವವನಿಗೆ ಏನು ಬೇಕಾದರೂ ಅಂಟಬಹುದು. ಅವನು ಹಲ್ಲಿಗೆ ಹೆದರುತ್ತಿದ್ದ. ಹಲ್ಲಿ ಕಾಣದಿದ್ದರೆ ಎಲ್ಲಿ ಹೋಯಿತೆಂದು ಇನ್ನೂ ಹೆಚ್ಚು ಹೆದರುತ್ತಿದ್ದ. ಲಿಫ್ಟಿಗೆ ಹೆದರಿ ಮೆಟ್ಟಿಲು ಹತ್ತುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ಯಾರಾದರೂ ನಿಂತಿದ್ದರೆ ಮೊದಲೇ ಸರಿದುಕೊಳ್ಳಲಿ ಎಂದು ಕೆಮ್ಮುತ್ತಾ ಹತ್ತುತ್ತಿದ್ದ.

ಇಂಥವನಿಗೆ ಇಡೀ ಬೀದಿಯಲ್ಲಿ ಗಂಡೆದೆಯವನು ಎಂಬ ಹೆಸರಿತ್ತು ಎಂದರೆ ಯಾರೂ ನಂಬುವುದಿಲ್ಲ. ಆದರೂ ಇತ್ತು. ಕಾರಣ ಇಷ್ಟೇ. ಬೇರೆಯವರೆಲ್ಲ ದೆವ್ವದ ಸಿನಿಮಾ ನೋಡಿ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು ಹೊರಗೆ ಬಂದರೆ, ಗೋಂದಣ್ಣ ಮಾತ್ರ ಕೆಂಡಾಮಂಡಲವಾಗಿ ಹೊರಗೆ ಬರುತ್ತಿದ್ದ.

"ಹಾಳು ಮಾಡ್ಬಿಟ್ರು! ಪುಸ್ತಕಾನ ಪೂರ್ತಿ ಹಾಳು ಮಾಡ್ಬಿಟ್ರು! ಇದರಲ್ಲಿ ಹೆದರ್ಕೊಳ್ಳೋದಕ್ಕೆ ಏನಿದೆ?"

ಹೀಗೆ ಕೂಗುವವನಿಗೆ ಭಯವಿದೆಯೆಂದು ಯಾರು ತಾನೇ ಅಂದುಕೊಂಡಾರು? ಎದುರು ಅಂಗಡಿಯ ಟೈಲರ್ ಅಂತೂ ತನ್ನ ಮಿಷನ್ ನಿಲ್ಲಿಸಿ, "ನೋಡಿ ಕಲೀರಿ" ಎಂದು ಗಿರಾಕಿಗಳಿಗೆ ಅವನನ್ನು ತೋರಿಸುತ್ತಿದ್ದ.

ಆ ಪುಸ್ತಕದ ಹೆಸರು 'ನೆಲಮಾಳಿಗೆಯ ಅತಿಥಿ'. ಆಕಾಶದಿಂದ ಬಿದ್ದ ಏನೋ ಒಂದು ವಸ್ತು ಒಬ್ಬ ವಿಜ್ಞಾನಿಯ ನೆಲಮಾಳಿಗೆಯಲ್ಲಿ ಬೆಳೆಯುತ್ತಾ ಹೋಗುತ್ತದೆ. ಅದಕ್ಕೆ ಮುಖವಿಲ್ಲ. ಕೈಗಳು ಮಾತ್ರ ಬೇಕಾದಷ್ಟಿವೆ. ಗೋಂದಣ್ಣನಿಗೆ ಮದುವೆಯಾದ ಹೊಸದರಲ್ಲಿ ಅದು ಅವನ ಅಂಗಡಿಗೇ ಹೊಲಿಗೆಗೆ ಬಂದಿತ್ತು. ಅಂಚು ವಾರೆಯಾಗಿ ಕತ್ತರಿಸಿಹೋದ ಪ್ರತಿಗಳನ್ನು ಯಜಮಾನರು ಕೆಲಸಗಾರರಿಗೂ ಗುರುತಿನವರಿಗೂ ಸುಮ್ಮನೆ ಕೊಟ್ಟುಬಿಡುವುದು ಆ ಅಂಗಡಿಯ ರೂಢಿ. ಅದರಿಂದಾಗಿ ಗೋಂದಣ್ಣನ ಮನೆಯಲ್ಲಿ ಕ್ಯಾಲೆಂಡರು ವಾರೆ, ಡೈರಿ ವಾರೆ, ಮಗ್ಗಿ ಪುಸ್ತಕವೂ ವಾರೆ. ಗೋಡೆಯೇ ವಾಲಿದೆಯೆಂದು ಬಂದ ನೆಂಟರು ಒಂದು ಸಲ ಕುರ್ಚಿ ಬದಲಾಯಿಸಿ ಕುಳಿತದ್ದೂ ಉಂಟು.

ಹಾಗೆ ಬಂದ ವಾರೆ ಪ್ರತಿಯನ್ನು ಅವನು ಹಗಲು ಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದ. ಓದುತ್ತಾ ಓದುತ್ತಾ ಅಂಗೈ ಬೆವೆತು ಪುಟಗಳು ಒದ್ದೆಯಾದವು. ಕೊನೆಗೆ ಆ ಜಾಗ ಬಂತು. 'ನೆಲಮಾಳಿಗೆಯ ಬಾಗಿಲು ತಾನಾಗಿ ತೆರೆಯಿತು. ವಿಜ್ಞಾನಿ ದೀಪ ಎತ್ತಿ ಹಿಡಿದ. ಅದು ಅವನೆದುರೇ ನಿಂತಿತ್ತು. ಅವನು ನಡುಗುವ ಕೈಯನ್ನು ಮುಂದೆ ಚಾಚಿ'

ಗೋಂದಣ್ಣ ಒಂದು ಕಣ್ಣು ಮುಚ್ಚಿಕೊಂಡು ಪುಟ ತಿರುಗಿಸಿದ.

'ಒಂದೆರಡು ದಿನ ನೆರಳಿನಲ್ಲಿಟ್ಟರೆ ತಾನಾಗಿ ಚೇತರಿಸಿಕೊಳ್ಳುತ್ತದೆ. ಗಾಬರಿಯಾಗುವುದು ಬೇಡ. ಬೆಳಿಗ್ಗೆ ಒಂದು ಲೋಟ ನೀರು ಸಾಕು. ಒರಟಾಗಿ ಮುಟ್ಟಬಾರದು. ಆಗಾಗ ಹತ್ತಿರ ಕುಳಿತು ಮಾತಾಡಿಸಿದರೆ ಒಳ್ಳೆಯದೆಂದು ಅನುಭವಸ್ಥರು ಹೇಳುತ್ತಾರೆ.'

ಗೋಂದಣ್ಣನ ಕಣ್ಣಲ್ಲಿ ನೀರು ಬಂತು. ಇಷ್ಟು ಭಯಂಕರವಾದ ಕಥೆಗೆ ಇಷ್ಟು ತಂಪಾದ ಕೊನೆ! ಅದನ್ನು ಹೊಡೆಯಲಿಲ್ಲ, ಸುಡಲಿಲ್ಲ. ವಿಜ್ಞಾನಿ ಅದನ್ನು ಮಗುವಿನಂತೆ ಸಾಕಿದ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಅದು ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ಹೂ ಬಿಟ್ಟಿತ್ತು. 'ಗಾಬರಿಯಾಗುವುದು ಬೇಡ' ಎಂದು ಅವನಿಗೆ ಅಲ್ಲಿಯವರೆಗೆ ಅಷ್ಟು ಸಮಾಧಾನವಾಗಿ ಯಾರೂ ಹೇಳಿರಲಿಲ್ಲ. ಹೆಂಡತಿ ಹೇಳುತ್ತಿದ್ದಳು, ಆದರೆ ಅವಳು ಹೇಳುವ ರೀತಿಗೇ ಗಾಬರಿಯಾಗುತ್ತಿತ್ತು. ಆ ಪುಟಗಳನ್ನು ಅವನು ಬಾಯಿಪಾಠ ಮಾಡಿಕೊಂಡ. ದಿನಾ ಮಲಗುವ ಮುಂಚೆ ಹೊದಿಕೆಯೊಳಗೆ ಅದನ್ನು ಒಂದು ಸಲ ಹೇಳಿಕೊಂಡರೇ ಅವನಿಗೆ ನಿದ್ದೆ. ಮದುವೆಯಾದಾಗಿನಿಂದ ಅವನು ಮಲಗಿದ್ದೆಲ್ಲ ಆ ಕೊನೆಯ ಪುಣ್ಯದಿಂದಲೇ.

ಓದುಗರಿಗೆ ಇಲ್ಲಿ ಏನಾದರೂ ಅನುಮಾನ ಬಂದಿದ್ದರೆ ಅದನ್ನು ಸದ್ಯಕ್ಕೆ ಜೇಬಿನಲ್ಲಿಟ್ಟುಕೊಳ್ಳಬೇಕು. ಗೋಂದಣ್ಣನಿಗಂತೂ ಬರಲಿಲ್ಲ. ಬೈಂಡರ್ ಆದವನು ಪುಸ್ತಕದ ಬೆನ್ನು ನೋಡುತ್ತಾನೆ. ಪುಟದ ಅಂಕಿ ನೋಡುವುದು ಓದುವವರ ತಲೆನೋವು.

ಆಮೇಲೆ ಅದು ಸಿನಿಮಾ ಆಯಿತು. ಗೋಂದಣ್ಣ ಹೋದ. ಮೊದಲಿನಿಂದ ಕಣ್ಣು ಮುಚ್ಚಿಕೊಂಡೇ ಕುಳಿತು, ಬಾಗಿಲು ಕಿರುಗುಟ್ಟಿದಾಗ 'ಇನ್ನು ನೆರಳಲ್ಲಿಡುತ್ತಾನೆ' ಎಂದು ಧೈರ್ಯ ತಂದುಕೊಂಡು ಕಣ್ಣು ಬಿಟ್ಟ. ಬಿಟ್ಟ ಕಣ್ಣೆದುರಿಗೇ ಅದು ವಿಜ್ಞಾನಿಯನ್ನು ಕನ್ನಡಕದ ಸಮೇತ ನುಂಗಿತು. ಎರಡನೇ ಭಾಗ ಬಂತು. ಕೊನೆಯನ್ನು ಇದಕ್ಕೆ ಉಳಿಸಿಕೊಂಡಿದ್ದಾರೆಂದು ಮತ್ತೆ ಹೋದ. ಅದರಲ್ಲಿ ಅದು ವಿಜ್ಞಾನಿಯ ಬೀದಿಯನ್ನೇ ನುಂಗಿತು. ಬೇರೆಯವರು ಎರಡನೇ ಭಾಗ ಮೊದಲಿನಷ್ಟು ಚೆನ್ನಾಗಿಲ್ಲವೆಂದು ಬೈದುಕೊಂಡರು. ಗೋಂದಣ್ಣನ ನಿರಾಶೆಯೇ ಬೇರೆ. ಕೈ ಹಿಡಿದು ಮನೆಗೆ ಕರೆದುಕೊಂಡು ಹೋಗುತ್ತೇವೆಂದು ಹೇಳಿ ನಡುದಾರಿಯಲ್ಲಿ ಕತ್ತಲಲ್ಲಿ ಬಿಟ್ಟುಹೋದಂತೆ ಅವನಿಗಾಗುತ್ತಿತ್ತು.

ಈಗ ಮೂರನೇ ಭಾಗ ಬಂದಿತ್ತು. "ಹೋಗ್ಬೇಡಿ" ಎಂದಳು ಹೆಂಡತಿ. "ಎರಡು ಸಲ ಮೋಸ ಹೋಗಿದ್ದು ಸಾಲ್ದಾ? ಹೋದ್ಸಲ ಬಂದ್ಮೇಲೆ ಬಚ್ಚಲಿಗೆ ಹೋಗೋಕೂ ನಾನೇ ಜೊತೆಗೆ ಬರ್ಬೇಕಾಯ್ತು."

"ಈ ಸಲ ತೋರಿಸ್ಲೇಬೇಕು ಕಣೇ. ಪುಸ್ತಕದಲ್ಲಿ ಇನ್ನೇನೂ ಉಳಿದಿಲ್ಲ."

ಮೂರನೇ ಭಾಗದಲ್ಲಿ ಅದು ಬಚ್ಚಲಿನ ಪೈಪುಗಳ ಮೂಲಕ ಬಾಡಿಗೆ ಮನೆಗಳಿಗೆ ನುಗ್ಗಿತು. ಬಾಡಿಗೆ ಮನೆಗಳಿಗೇ ಏಕೆ ಎಂದು ಯಾರೂ ವಿವರಿಸಲಿಲ್ಲ. ನೆರಳೂ ಇಲ್ಲ, ನೀರೂ ಇಲ್ಲ. ಹೊರಬಂದ ಗೋಂದಣ್ಣನ ಮೂಗಿಗೆ ಯಾರೋ ಮೈಕು ಹಿಡಿದರು. ಸಿನಿಮಾದವರೇ ಜನರ ಅಭಿಪ್ರಾಯ ಕೇಳಲು ಕಳಿಸಿದ್ದ ಹುಡುಗಿ.

"ಸಾರ್, ಹೇಗಿತ್ತು ಸಾರ್?"

"ದ್ರೋಹ!" ಎಂದು ಗೋಂದಣ್ಣ ಕಿರುಚಿದ. "ಅದನ್ನ ನೆರಳಲ್ಲಿಟ್ಟು ನೀರು ಹಾಕ್ಬೇಕಿತ್ತು! ಹತ್ರ ಕೂತು ಮಾತಾಡಿಸ್ಬೇಕಿತ್ತು! ನಾನು ಮನೇಲಿ ಮಾಡಿ ತೋರಿಸ್ತೀನಿ. ನಮ್ಮ ಮನೇಗೆ ಬರ್ಲಿ ಅದು, ನೋಡ್ಕೋತೀನಿ!"

ಕೊನೆಯ ಮಾತು ಬಾಯಿತಪ್ಪಿ ಬಂದದ್ದು. ಮನೆಗೆ ಬರಲಿ ಎಂದು ಮೈಕಿನಲ್ಲಿ ಕರೆದುಬಿಟ್ಟೆನಲ್ಲ ಎಂದು ಅವನು ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ನೋಡಿದ. ಬಂದವನೇ ಮುನ್ನೆಚ್ಚರಿಕೆಗೆ ಮೆಟ್ಟಿಲ ಕೆಳಗಿನ ಕತ್ತಲೆ ಗೂಡಿನಲ್ಲಿ ಒಂದು ಬಟ್ಟಲು ನೀರಿಟ್ಟ. ಬಂದರೆ ಕುಡಿದುಕೊಂಡು ಸುಮ್ಮನಿರಲಿ ಎಂದು ಅವನ ಆಸೆ.

ಮರುದಿನ ಆ ವಿಡಿಯೊ ಎಲ್ಲರ ಫೋನಿಗೂ ಬಂತು. ಟೈಲರ್ ಅದನ್ನು ಜೋರಾಗಿ ಹಾಕಿಕೊಂಡು ಕಾಜಾ ಹೊಲಿಯುತ್ತಿದ್ದ. ಮಹಡಿಯ ಮೇಲಿದ್ದ ದೊಡ್ಡ ಟೀಚರ್ ಕಿವಿಗೆ 'ನೆರಳಲ್ಲಿಟ್ಟು ನೀರು ಹಾಕ್ಬೇಕಿತ್ತು, ನಾನು ಮನೇಲಿ ಮಾಡಿ ತೋರಿಸ್ತೀನಿ' ಎಂಬಷ್ಟು ಬಿತ್ತು. ಅವರ ಕೈಯಲ್ಲಿದ್ದ ತಟ್ಟೆಯೂ ಬಿತ್ತು.

ದೊಡ್ಡ ಟೀಚರ್ ಎಂದರೆ ಗೋಂದಣ್ಣನ ಬಾಡಿಗೆ ಮನೆಯ ಮಾಲೀಕರು, ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂರು ತಲೆಮಾರಿನ ತುಂಟರನ್ನು ಕಣ್ಣಲ್ಲೇ ಕೂರಿಸಿದವರು. ಅವರ ಕಟ್ಟಡಕ್ಕೆ ಒಂದೇ ಒಂದು ಕಾನೂನು: ಯಾರೂ ಗಿಡ ಇಟ್ಟುಕೊಳ್ಳುವಂತಿಲ್ಲ. ಕುಂಡ ಬೇಡ, ಬಳ್ಳಿಯ ಮಾತಂತೂ ಎತ್ತುವಂತಿಲ್ಲ. ಸೊಪ್ಪಿನ ಕಟ್ಟನ್ನು ಕೂಡ ಗೇಟಿನ ಹೊರಗೇ ಬೇರು ಕತ್ತರಿಸಿ ಒಳಗೆ ತರಬೇಕು. ಏಕೆಂದು ಯಾರೂ ಕೇಳಿರಲಿಲ್ಲ. ದೊಡ್ಡ ಟೀಚರನ್ನು ಏಕೆಂದು ಕೇಳಿದವರು ಇನ್ನೂ ಹುಟ್ಟಬೇಕಿತ್ತು.

ಅವರು ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಮಡಿಸಿದ ಕೊಡೆ ಹಿಡಿದು ಇಳಿದು ಬಂದರು. ಮೆಟ್ಟಿಲ ಕೆಳಗೆ ಟಾರ್ಚು ಬಿಟ್ಟು ನೋಡಿದರು. ಬಟ್ಟಲು ಕಂಡಿತು. ಬಂದ ಕಾಲಲ್ಲೇ ವಾಪಸು ಹೋದರು. ಒಂದು ದಿನ ಬಿಟ್ಟು ಮತ್ತೆ ಬಂದು ನೋಡಿ, ನೇರ ಗೋಂದಣ್ಣನ ಬಾಗಿಲು ತಟ್ಟಿದರು.

"ಅದು ಎಲ್ಲಿದೆ?"

ಗೋಂದಣ್ಣ ಚಹಾದ ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಯಾವುದು ಟೀಚರ್?"

"ನನ್ನ ಬಾಯಲ್ಲಿ ಹೇಳಿಸ್ಬೇಡಿ. ನೆರಳಲ್ಲಿಟ್ಟು ನೀರು ಹಾಕ್ತಿದೀರಲ್ಲ, ಅದು!"

"ಅಂದ್ರೆ... ಬಂದಿದೆಯಾ?"

"ನೀವು ತರದೆ ತಾನಾಗಿ ಬರುತ್ತಾ?"

"ತಾನಾಗೇ ಬರುತ್ತೆ ಟೀಚರ್. ಪೈಪಿನಲ್ಲಿ ಬರುತ್ತೆ."

ದೊಡ್ಡ ಟೀಚರ್ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿದರು. "ಪೈಪಿನಲ್ಲಾ! ಬೇರು ಅಷ್ಟು ದೂರ ಹೋಗಿದೆಯಾ?"

"ಬೇರಾ? ಅಯ್ಯೋ, ಅದಕ್ಕೆ ಬೇರೂ ಇದೆಯಾ?"

"ಎಷ್ಟು ಎತ್ತರ ಬಂದಿದೆ ಹೇಳ್ರೀ!"

"ನೋಡಿದೋರು ನೀವು. ನೀವೇ ಹೇಳ್ಬೇಕು."

"ನಾನೆಲ್ಲಿ ನೋಡಿದೆ? ಬಟ್ಟಲು ಮಾತ್ರ ನೋಡಿದ್ದು. ಮೊನ್ನೆ ತುಂಬ ಇತ್ತು, ಇವತ್ತು ಅರ್ಧ ಆಗಿದೆ."

ಗೋಂದಣ್ಣ ಹೊಸ್ತಿಲ ಮೇಲೆ ಕುಸಿದು ಕುಳಿತ. "ಕುಡಿದಿದೆ" ಎಂದ.

"ಕುಡಿದಿದೆ" ಎಂದರು ದೊಡ್ಡ ಟೀಚರ್, ಗೋಡೆ ಹಿಡಿದುಕೊಂಡು.

"ಬೆಕ್ಕು ಕುಡೀತು" ಎಂದಳು ಒಳಗಿನಿಂದ ಹೆಂಡತಿ. ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ.

"ಈ ತಿಂಗಳ ಕೊನೇಗೆ ಮನೆ ಖಾಲಿ ಮಾಡಿ" ಎಂದರು ದೊಡ್ಡ ಟೀಚರ್. ದನಿ ಗಡುಸಾಗಿತ್ತು, ಕೊಡೆ ಮಾತ್ರ ಮೆಟ್ಟಿಲ ಕೆಳಗಿನ ಗೂಡಿನ ಕಡೆಗೇ ಮುಖ ಮಾಡಿತ್ತು. "ಹೋಗೋವಾಗ ಅದನ್ನೂ ಜೊತೇಲಿ ಕರ್ಕೊಂಡು ಹೋಗಿ."

ಗೋಂದಣ್ಣನಿಗೆ ಭೂಮಿಯೇ ಬಾಯ್ಬಿಟ್ಟಂತಾಯಿತು. ಈ ಮನೆಯ ಒಂದೊಂದು ಸದ್ದೂ ಅವನಿಗೆ ಪರಿಚಯ. ನಲ್ಲಿ ಕೊರಗುವುದು ಯಾವಾಗ, ಕಿಟಕಿ ಹಲ್ಲು ಕಡಿಯುವುದು ಯಾವ ಗಾಳಿಗೆ, ಎಲ್ಲವನ್ನೂ ಎಷ್ಟೋ ವರ್ಷ ಹೆದರಿ ಹೆದರಿ ಕಲಿತಿದ್ದ. ಹೊಸ ಮನೆಯೆಂದರೆ ಗುರುತಿಲ್ಲದ ಕತ್ತಲೆ. ಅಲ್ಲಿ ಎಲ್ಲದಕ್ಕೂ ಮೊದಲಿನಿಂದ ಹೆದರಬೇಕು. ಅದೂ ಅದನ್ನು ಜೊತೆಯಲ್ಲಿ ಕರೆದುಕೊಂಡು.

ದೊಡ್ಡ ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಮರುದಿನ ನಗರಸಭೆಯ ಆರೋಗ್ಯ ಇನ್ಸ್‌ಪೆಕ್ಟರನ್ನು ಕರೆಸಿದರು. ಅವರು ಅದೇ ಟೀಚರ್ ಕೈಯಲ್ಲಿ ಕಿವಿ ಹಿಂಡಿಸಿಕೊಂಡು ಓದಿದವರಾದ್ದರಿಂದ ಕರೆದ ತಕ್ಷಣ ಬಂದರು. ಗೂಡಿನ ಮುಂದೆ ಬೀದಿಯೇ ನೆರೆದಿತ್ತು. ಟೈಲರ್ ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡು ಎಲ್ಲರಿಗಿಂತ ಹಿಂದೆ ನಿಂತಿದ್ದ.

"ಮುಖ ಇಲ್ಲದ್ದು, ಕೈ ಜಾಸ್ತಿ ಇರೋದು ನಮ್ಮ ಇಲಾಖೆಗೆ ಬರಲ್ಲ ಮೇಡಂ" ಎಂದರು ಇನ್ಸ್‌ಪೆಕ್ಟರ್ ಎಲ್ಲ ಕೇಳಿಕೊಂಡು. "ನಿಂತ ನೀರು ಬರುತ್ತೆ. ಈ ಬಟ್ಟಲಿನಲ್ಲಿ ಸೊಳ್ಳೆ ಮೊಟ್ಟೆ ಇಟ್ರೆ ಯಾರು ಜವಾಬ್ದಾರಿ?"

"ಸೊಳ್ಳೆ ಬಿಡಿ ಸಾರ್!" ಎಂದ ಗೋಂದಣ್ಣ. "ನೀರು ತೆಗೆದ್ರೆ ಅದು ಕೆರಳುತ್ತೆ. ಪುಸ್ತಕದಲ್ಲೇ ಇದೆ."

"ಪುಸ್ತಕದಲ್ಲಿ ಇರೋದು ನನಗೂ ಗೊತ್ತು!" ಎಂದರು ದೊಡ್ಡ ಟೀಚರ್. "ಕೃಷಿ ತಜ್ಞರು ಬರೆದ ಪುಸ್ತಕ. ಸುಳ್ಳು ಬರೀತಾರಾ?"

ಇಬ್ಬರೂ ಒಳಗೆ ಓಡಿ ತಮ್ಮ ತಮ್ಮ ಪುಸ್ತಕ ತಂದರು. ದೊಡ್ಡ ಟೀಚರ್ ತಂದದ್ದು 'ಮನೆಗೊಂದು ಕೈತೋಟ'. ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡು ಅವರು ಬೆರಳಿಟ್ಟ ಜಾಗದಿಂದ ಓದತೊಡಗಿದರು.

"'ಎಳೆಯ ಸಸಿಯ ಬುಡವನ್ನು ಮೃದುವಾಗಿ ಹಿಡಿದು ಹೊಸ ಕುಂಡಕ್ಕೆ ಬದಲಾಯಿಸಿ'" ಎಂದು ಪುಟ ತಿರುಗಿಸಿದರು. "'ಹಿಂದಕ್ಕೆ ಸರಿಯುವಷ್ಟರಲ್ಲಿ ಅದರ ಎಲ್ಲ ಕೈಗಳೂ ಒಮ್ಮೆಲೇ ತೆರೆದುಕೊಂಡವು. ಬಾಗಿಲು ಹಾಕಿದರೂ ಅದು ಬರುತ್ತದೆಂದು ಅವನಿಗೆ ಆಗ ತಿಳಿಯಿತು. ಅದಕ್ಕೆ ಹಸಿವಾಗಿತ್ತು.'"

ಟೈಲರ್ ಇನ್ನೂ ಹಿಂದಕ್ಕೆ ಸರಿದ. ಇನ್ಸ್‌ಪೆಕ್ಟರ್ ಕೂಡ ಪುಸ್ತಕವನ್ನು ಮೈಯಿಂದ ತುಸು ದೂರ ಹಿಡಿದರು.

"ಇದನ್ನ ಓದಿದ ದಿನಾನೇ ನನ್ನ ಗುಲಾಬಿ ಗಿಡಗಳನ್ನೆಲ್ಲ ಕಿತ್ತು ಸುಟ್ಟೆ" ಎಂದರು ದೊಡ್ಡ ಟೀಚರ್. "ಮಕ್ಕಳ ಹಾಗೆ ಬೆಳೆಸಿದ್ದೆ ಕಣ್ರೀ. ಆದರೂ ಸುಟ್ಟೆ."

ಗೋಂದಣ್ಣನ ಹೆಂಡತಿ ಎರಡು ಪುಸ್ತಕಗಳನ್ನೂ ಕಿತ್ತುಕೊಂಡು ಕಿಟಕಿಯ ಅಂಚಿನ ಮೇಲೆ ಅಕ್ಕಪಕ್ಕ ನಿಲ್ಲಿಸಿದಳು. ಎರಡೂ ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ, ಗೋಂದಣ್ಣನ ಮನೆಯ ಕ್ಯಾಲೆಂಡರಿನ ಹಾಗೆಯೇ ವಾಲಿದ್ದವು.

"ರೀ" ಎಂದಳು ಅವಳು. "ಈ ವಾರೆ ನನಗೆ ಗೊತ್ತಿಲ್ವಾ? ಮದುವೆಯಾದಾಗಿನಿಂದ ನೋಡ್ತಿದೀನಿ. ಎರಡೂ ನಿಮ್ಮ ಕೈಯದೇ. ಇದರ ಬಾಲ ಅದಕ್ಕೆ, ಅದರ ಬಾಲ ಇದಕ್ಕೆ ಹೊಲಿದಿಟ್ಟಿದೀರಿ!"

ಗೋಂದಣ್ಣ ಪುಸ್ತಕದ ಬೆನ್ನು ಬಾಗಿಸಿ ದಾರ ನೋಡಿದ. ಆ ದಿನ ನೆನಪಾಯಿತು. ಒಂದೇ ಮೇಜಿನ ಮೇಲೆ ಎರಡು ಪುಸ್ತಕಗಳ ಮಡಿಸಿದ ಹಾಳೆಗಳ ರಾಶಿ. ಜೋಡಿಸುತ್ತಾ ಜೋಡಿಸುತ್ತಾ ಅವನು ಒಂದು ಸಾಲು ಓದಿದ್ದ: 'ನೆಲಮಾಳಿಗೆಯ ಬಾಗಿಲು ತಾನಾಗಿ ತೆರೆಯಿತು.' ಸರಿಯಾಗಿ ಅದೇ ಕ್ಷಣಕ್ಕೆ ಅಂಗಡಿಯ ಕರೆಂಟು ಹೋಗಿತ್ತು. ಅವನು ಬಿಗಿಯಾಗಿ ಕಣ್ಣು ಮುಚ್ಚಿಕೊಂಡಿದ್ದ. ಕೈ ಮಾತ್ರ ಅಭ್ಯಾಸಬಲದಿಂದ ಕತ್ತಲಲ್ಲಿ ಸಿಕ್ಕ ರಾಶಿಯಿಂದ ಹಾಳೆ ಎತ್ತಿ ಸೇರಿಸುತ್ತಲೇ ಇತ್ತು. ವಾರೆಯಾದ ಕೈತೋಟದ ಪ್ರತಿಯನ್ನು ಯಜಮಾನರು ತಮ್ಮ ಮಗಳ ಟೀಚರಾಗಿದ್ದ ಇವರಿಗೇ ಕೊಟ್ಟಿದ್ದರು.

"ಟೀಚರ್, ಅದು ಗಿಡ ಅಲ್ಲ" ಎಂದ ಗೋಂದಣ್ಣ. "ನನ್ನ ಹತ್ರ ಗಿಡವೂ ಇಲ್ಲ, ಅದೂ ಇಲ್ಲ. ಎಲ್ಲ ನನ್ನ ಹೊಲಿಗೆ."

ನಗು ಮೊದಲು ಟೈಲರನಿಗೆ ಬಂತು, ಆಮೇಲೆ ಬೀದಿಗೆಲ್ಲ ಬಂತು. ದೊಡ್ಡ ಟೀಚರ್ ನಗಲಿಲ್ಲ. "ಈಗಲೇ ಬಿಚ್ಚಿ ಸರಿಯಾಗಿ ಹೊಲೀರಿ. ನನ್ನ ಕಣ್ಣೆದುರಿಗೆ" ಎಂದರು.

ಗೋಂದಣ್ಣ ಸೂಜಿ, ದಾರ, ಚಾಕು ತಂದು ಮೆಟ್ಟಿಲ ಮೇಲೆ ಕುಳಿತ. ದಾರ ಬಿಚ್ಚಿ ಹಾಳೆಗಳನ್ನು ಬದಲಿಸಿದ. ನಿಜವಾದ ಕೊನೆ ಅವನ ತೊಡೆಯ ಮೇಲೆ ಬಿದ್ದಿತ್ತು. ಅದರ ಒಂದಕ್ಷರವೂ ಕಾಣಬಾರದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಸೂಜಿ ಚುಚ್ಚತೊಡಗಿದ.

"ಕಣ್ಣು ಬಿಟ್ಟು ಹೊಲೀರಿ ಮಾರಾಯ್ರೇ!" ಎಂದರು ಇನ್ಸ್‌ಪೆಕ್ಟರ್. "ಕಣ್ಣು ಮುಚ್ಚಿ ಹೊಲಿದದ್ದಕ್ಕೇ ಇಷ್ಟೆಲ್ಲ ಆಗಿದ್ದು."

ದೊಡ್ಡ ಟೀಚರ್ ತಮ್ಮ ಪುಸ್ತಕದ ಸರಿಯಾದ ಕೊನೆಯನ್ನು ಅಲ್ಲೇ ನಿಂತು ಓದಿದರು. 'ಗಾಬರಿಯಾಗುವುದು ಬೇಡ' ಎಂಬಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣೊತ್ತಿಕೊಂಡರು. ಅದನ್ನು ನೋಡುತ್ತಿದ್ದ ಗೋಂದಣ್ಣನಿಗೆ ತನ್ನ ಮನೆಯ ದೀಪವನ್ನು ಯಾರೋ ಎತ್ತಿಕೊಂಡು ಮಹಡಿಗೆ ಹೋಗುತ್ತಿರುವಂತೆನಿಸಿತು. ಅದು ಅವರದೇ ದೀಪ. ಇಷ್ಟು ವರ್ಷ ಇವನ ಮನೆಯಲ್ಲಿ ಉರಿದಿತ್ತು, ಅಷ್ಟೇ.

"ಮನೆ ಖಾಲಿ ಮಾಡ್ಬೇಡಿ" ಎಂದರು ದೊಡ್ಡ ಟೀಚರ್. "ಆದರೆ ಒಂದು ಷರತ್ತು. ಇನ್ಮೇಲೆ ಅಂಗಳದಲ್ಲಿ ಗಿಡ ಇಡ್ತೀನಿ. ನೋಡ್ಕೊಳ್ಳೋದು ನೀವು. ನಿಮಗೆ ಬಾಯಿಪಾಠ ಇದೆಯಲ್ಲ."

"ಆಗ್ಲಿ ಟೀಚರ್. ಒಂದು ಮಾತು..." ಗೋಂದಣ್ಣ ದನಿ ತಗ್ಗಿಸಿದ. "ನನ್ನ ಪುಸ್ತಕದ ಕೊನೆ ಇಷ್ಟು ವರ್ಷ ನಿಮ್ಮ ಹತ್ರ ಇತ್ತು. ಕೊನೇಗಾದ್ರೂ ಅದು ಸುಮ್ಮನಾಗುತ್ತಾ?"

ದೊಡ್ಡ ಟೀಚರ್ ಅವನನ್ನು ಕನಿಕರದಿಂದ ನೋಡಿದರು. ಆದರೆ ಇಡೀ ಜೀವಮಾನ ಸರಿಯುತ್ತರ ಹೇಳಿಕೊಟ್ಟವರಿಗೆ ಸುಳ್ಳು ಹೇಳಲು ಬರಲಿಲ್ಲ. "ಇಲ್ಲ ಕಣ್ರೀ. ಅದೇ ಗೆಲ್ಲುತ್ತೆ."

ಅಂಗಳ ತುಂಬ ಕುಂಡಗಳು ಬಂದವು. ಗೋಂದಣ್ಣನ ಬಾಗಿಲ ಪಕ್ಕಕ್ಕೇ ಒಂದು ಬಳ್ಳಿ ಹಬ್ಬಿತು. ದಿನಾ ಬೆಳಿಗ್ಗೆ ಅವನು ತೋಳುದ್ದ ದೂರ ನಿಂತು ಅದಕ್ಕೆ ಒಂದು ಲೋಟ ನೀರು ಹಾಕುತ್ತಿದ್ದ. ಮಲಗುವಾಗ ಹೇಳಿಕೊಳ್ಳಲು ಈಗ ಏನೂ ಇರಲಿಲ್ಲ. ಹೇಳಿಕೊಂಡರೂ ಅದು ಗಿಡದ ಮಾತೆಂದು ಗೊತ್ತಾಗಿಬಿಟ್ಟಿತ್ತು. ಹೆಂಡತಿ ಅವನ ಮೈಮೇಲೆ ಕೈಯಿಟ್ಟು ಮಲಗುತ್ತಿದ್ದಳು. ಅದರಿಂದ ಸ್ವಲ್ಪ ಉಪಯೋಗವಾಯಿತು.

ನಾಲ್ಕನೇ ಭಾಗ ಬಂದಾಗ ಟೈಲರ್ ಅಂಗಡಿ ಮುಚ್ಚಿ ಓಡೋಡಿ ಬಂದ. "ಗೋಂದಣ್ಣಾ, ನೀನು ಗೆದ್ದೆ ಕಣೋ! ಸಿನಿಮಾದವರು ನಿನ್ನ ವಿಡಿಯೊ ನೋಡಿದಾರೆ. ಕೊನೇಲಿ ಅದನ್ನ ನೆರಳಲ್ಲಿಟ್ಟು ನೀರು ಹಾಕ್ತಾರಂತೆ!"

ಬೀದಿಗೆ ಬೀದಿಯೇ ಅವನನ್ನು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋಯಿತು. ಹೇಳಿದ್ದು ನಿಜವಾಗಿತ್ತು. ನಾಯಕಿ ಅದನ್ನು ನೆರಳಿಗೆ ತಂದಳು, ನೀರು ಕೊಟ್ಟಳು, ಪಕ್ಕದಲ್ಲಿ ಕುಳಿತು ಮಾತಾಡಿಸಿದಳು. ಅದು ಹೂ ಬಿಟ್ಟಿತು. ಜನ ಶಿಳ್ಳೆ ಹೊಡೆದರು, ಟೈಲರ್ ಬಿಕ್ಕಿ ಬಿಕ್ಕಿ ಅತ್ತ. ಗೋಂದಣ್ಣ ಇಷ್ಟು ವರ್ಷ ಕಾದ ಕೊನೆಯನ್ನು ಎರಡೂ ಕಣ್ಣು ಬಿಟ್ಟು ಪೂರ್ತಿ ನೋಡಿದ. ಅವನಿಗೆ ಏನೂ ಅನ್ನಿಸಲಿಲ್ಲ. ಹೊರಗೆ ಅದೇ ಹುಡುಗಿ ಮೈಕು ಹಿಡಿದು ನಿಂತಿದ್ದಳು.

"ಸಾರ್, ಈಗ ಖುಷಿನಾ ಸಾರ್?"

"ಹಾಳು ಮಾಡ್ಬಿಟ್ರಮ್ಮ" ಎಂದ ಗೋಂದಣ್ಣ, ಕೂಗದೆ. "ಪುಸ್ತಕದಲ್ಲಿ ಹೀಗಿಲ್ಲ."

ಸೂರ್ಯ ಇಳಿಯುವ ಹೊತ್ತಿಗೆ ಒಬ್ಬನೇ ಮನೆ ಸೇರಿದ. ಹೆಂಡತಿ ಅಂಗಡಿಗೆ ಹೋಗಿದ್ದಳು. ಬಾಗಿಲ ಪಕ್ಕದ ಬಳ್ಳಿ ಬೆಳಗಿಗಿಂತ ಒಂದು ಗೇಣು ಮುಂದೆ ಬಂದು, ಎಳೆಯ ಕುಡಿಯೊಂದನ್ನು ಬೀಗದ ಮೇಲೆ ಇಟ್ಟುಕೊಂಡಿತ್ತು. ಗೋಂದಣ್ಣ ಬೀಗದ ಕೈ ಹಿಡಿದು ಗೇಟಿನ ಹತ್ತಿರವೇ ನಿಂತ. ಕತ್ತಲಾಗುತ್ತಾ ಬಂತು. ಮಹಡಿಯಿಂದ ದೊಡ್ಡ ಟೀಚರ್ ಬಗ್ಗಿ ನೋಡಿದರು.

"ಯಾಕ್ರೀ ಗೋಂದಣ್ಣ, ಅಲ್ಲೇ ನಿಂತಿದೀರಿ?"

"ಟೀಚರ್, ದಯವಿಟ್ಟು ಸ್ವಲ್ಪ ಕೆಳಗೆ ಬನ್ನಿ" ಎಂದ ಅವನು ಪಿಸುದನಿಯಲ್ಲಿ. "ನಾನು ಬೀಗ ತೆಗೆದು ಒಳಗೆ ಹೋಗೋ ತನಕ ಇದನ್ನ ಮಾತಾಡಿಸ್ತಾ ಇರಿ."